ಗ್ಯಾಸ್ ಹೋಗ್ಯಾದೋ, ಸೆನ್ಸರ್ ಕೆಟ್ಟಾದೋ?

ಏಪ್ರಿಲ್ ಬಂತೆಂದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಎಸಿ ಮಿಸ್ತ್ರಿಗಳ ಫೋನಿಗೆ ಬಿಡುವಿರುವುದಿಲ್ಲ. ಎಸಿ ತಣ್ಣಗೆ ಮಾಡವಲ್ದು ಎಂದು ಕರೆಸಿದರೆ ಬಹಳ ಸಲ ಬರುವ ಉತ್ತರ, ‘ಗ್ಯಾಸ್ ಹೋಗ್ಯಾದ್ರೀ ಸಾಹೇಬ್ರ.’ ಗ್ಯಾಸ್ ತುಂಬಿಸಿದ ಮೇಲೂ ತಣ್ಣಗಾಗದಿದ್ದರೆ ಮುಂದಿನ ಮಾತು, ‘ಹಂಗಾದ್ರ ಬೋರ್ಡ್ ಹೋಗಿರಬೇಕ್ರಿ.’ ಎರಡಕ್ಕೂ ಸಾವಿರಗಳ ಲೆಕ್ಕದಲ್ಲಿ ದುಡ್ಡು ಬಿಚ್ಚಬೇಕು. ಇವೆರಡರ ನಡುವೆ ಯಾರೂ ಮುಟ್ಟಿ ನೋಡದ ಒಂದು ಸಣ್ಣ ಸಾಮಾನು ಉಳಿದುಬಿಡುತ್ತದೆ. ಬೆಂಕಿಕಡ್ಡಿಯ ತಲೆಗಿಂತ ತುಸು ದೊಡ್ಡದು, ಎರಡು ಎಳೆ ವೈರು, ಬೆಲೆ ಕೆಲವು ನೂರು ರೂಪಾಯಿ. ಅದೇ ಉಷ್ಣಾಂಶದ ಸೆನ್ಸರ್.

ಮೊದಲು ಗ್ಯಾಸಿನ ಮಾತು ಮುಗಿಸೋಣ. ಎಸಿಯೊಳಗಿನ ಗ್ಯಾಸ್ ಪೆಟ್ರೋಲಿನಂತೆ ಓಡಿದಷ್ಟೂ ಖರ್ಚಾಗುವುದಲ್ಲ. ಮುಚ್ಚಿದ ತಾಮ್ರದ ಕೊಳವೆಯಲ್ಲಿ ಅದೇ ಗ್ಯಾಸ್ ವರ್ಷಾನುಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿದ ಜಾಗ ತೋರಿಸದೆ, ಬೆಸುಗೆ ಹಾಕದೆ ‘ಸ್ವಲ್ಪ ತುಂಬಿದೆ’ ಎನ್ನುವವರಿಗೆ ದುಡ್ಡು ಕೊಡಬೇಡಿ. ಇನ್ನೂ ಒಂದು ವಿಚಿತ್ರವಿದೆ. ಈಗಿನ ಅನೇಕ ಎಸಿಗಳು ತಾವೇ ‘ಗ್ಯಾಸ್ ಸೋರಿಕೆ’ ಎಂಬ ಕೋಡ್ ತೋರಿಸುತ್ತವೆ. ಆದರೆ ಆ ಯಂತ್ರಕ್ಕೆ ಗ್ಯಾಸ್ ಅಳೆಯುವ ಸಾಧನವೇ ಇರುವುದಿಲ್ಲ. ಕಂಪ್ರೆಸರ್ ಶುರುವಾಗಿ ಕೆಲವು ನಿಮಿಷ ಕಳೆದರೂ ಒಳಗಿನ ಕಾಯಿಲ್ ತಣ್ಣಗಾದ ಸುದ್ದಿ ಸೆನ್ಸರಿನಿಂದ ಬರದಿದ್ದರೆ ‘ಗ್ಯಾಸ್ ಇಲ್ಲ’ ಎಂದು ಬೋರ್ಡ್ ಊಹಿಸಿಕೊಳ್ಳುತ್ತದೆ. ಕಾಯಿಲ್ ತಣ್ಣಗಾಗಿದ್ದು ಸೆನ್ಸರ್ ಮಾತ್ರ ತನ್ನ ಜಾಗದಿಂದ ಜಾರಿ ಬಿದ್ದಿದ್ದರೂ ಕೋಡ್ ಅದೇ!

ಎರಡು ಸೆನ್ಸರ್, ಎರಡು ಬಗೆಯ ಉಪದ್ರ

ಸ್ಪ್ಲಿಟ್ ಎಸಿಯ ಒಳಘಟಕದಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್ ಇರುತ್ತವೆ. ಮುಂದಿನ ಮುಚ್ಚಳ ಎತ್ತಿ ಜಾಳಿಗೆ ತೆಗೆದರೆ ಅಲ್ಯೂಮಿನಿಯಂ ಪದರಗಳ ಮುಂದೆ, ಗಾಳಿ ಒಳಗೆ ಬರುವ ಹಾದಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್ಪಿಗೆ ಸಿಕ್ಕಿಸಿದ ಕರಿ ತಲೆಯದು ಕೋಣೆಯ ಸೆನ್ಸರ್. ಪಕ್ಕದಲ್ಲಿ ತಾಮ್ರದ ಕೊಳವೆಗೆ ಬೆಸೆದ ಪುಟ್ಟ ಗೂಡಿನೊಳಗೆ ತೂರಿಸಿದ ತಾಮ್ರದ ಟೋಪಿಯದು ಕಾಯಿಲ್ ಸೆನ್ಸರ್. ಇನ್ವರ್ಟರ್ ಎಸಿಯಾದರೆ ಹೊರಗಿನ ಘಟಕದಲ್ಲೂ ಎರಡು ಮೂರು ಇರುತ್ತವೆ. ಅವುಗಳ ತಂಟೆಗೆ ನಾವು ಮನೆಯಲ್ಲಿ ಹೋಗಬಾರದು, ಕಾರಣ ಮುಂದೆ ಹೇಳುತ್ತೇನೆ.

ಇವೆಲ್ಲ ಥರ್ಮಿಸ್ಟರ್ ಜಾತಿಯವು. ಬಿಸಿ ಏರಿದಂತೆ ಇವುಗಳ ರೋಧ, ಅಂದರೆ ಮಿಸ್ತ್ರಿಗಳ ಬಾಯಲ್ಲಿ ರೆಸಿಸ್ಟೆನ್ಸ್, ಇಳಿಯುತ್ತದೆ. ತಣ್ಣಗಾದಂತೆ ಏರುತ್ತದೆ. ಆ ಅಂಕಿಯಿಂದ ಬೋರ್ಡ್ ಉಷ್ಣಾಂಶ ಲೆಕ್ಕ ಹಾಕಿಕೊಳ್ಳುತ್ತದೆ. ಈ ಉಲ್ಟಾ ಸಂಬಂಧ ನೆನಪಿದ್ದರೆ ಅರ್ಧ ಪತ್ತೆ ಕೂತಲ್ಲೇ ಆಗುತ್ತದೆ. ವೈರು ಒಳಗೇ ಅರೆಬರೆ ತುಂಡಾದರೆ ಅಥವಾ ಕನೆಕ್ಟರಿಗೆ ಕಿಲುಬು ಹತ್ತಿದರೆ ರೋಧ ಹೆಚ್ಚಾಗಿ ಬೋರ್ಡಿಗೆ ‘ಬಹಳ ತಂಪು’ ಎಂದು ಕಾಣುತ್ತದೆ. ಕೋಣೆಯ ಸೆನ್ಸರ್ ಹೀಗೆ ಹೇಳಿದರೆ ಕಂಪ್ರೆಸರ್ ಬೇಗ ನಿಂತುಬಿಡುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ಮನೆಮಂದಿ ಬೆವರುತ್ತಿರುತ್ತಾರೆ. ಸೆನ್ಸರಿನ ತಲೆಯೊಳಗೆ ತೇವ ಹೊಕ್ಕು ರೋಧ ಇಳಿದರೆ ಬೋರ್ಡಿಗೆ ‘ಇನ್ನೂ ಬಿಸಿ’ ಎಂದು ಕಾಣುತ್ತದೆ. ಆಗ ಎಸಿ ರಾತ್ರಿಯಿಡೀ ನಿಲ್ಲದೆ ಓಡುತ್ತದೆ. ಬೆಳಗಿನ ಜಾವ ಎಲ್ಲರೂ ಕೌದಿ ಹೊದ್ದಿರುತ್ತಾರೆ, ತಿಂಗಳ ಕೊನೆಗೆ ಹೆಸ್ಕಾಂ ಬಿಲ್ಲು ಬಂದಾಗ ಎಚ್ಚರವಾಗುತ್ತದೆ.

ಕಾಯಿಲ್ ಸೆನ್ಸರಿನ ಉಪದ್ರ ಬೇರೆ. ಅದು ಸುಮ್ಮನೆ ‘ತಂಪು’ ಎಂದರೆ ಮಂಜುಗಟ್ಟುತ್ತಿದೆ ಎಂದು ತಿಳಿದು ಬೋರ್ಡ್ ಐದಾರು ನಿಮಿಷಕ್ಕೊಮ್ಮೆ ಕಂಪ್ರೆಸರ್ ನಿಲ್ಲಿಸುತ್ತದೆ. ಸುಮ್ಮನೆ ‘ಬಿಸಿ’ ಎಂದರೆ ನಿಜವಾಗಿ ಮಂಜುಗಟ್ಟಿದಾಗಲೂ ನಿಲ್ಲಿಸುವುದಿಲ್ಲ, ಕಾಯಿಲ್ ಬಿಳಿ ಗಡ್ಡೆಯಾಗಿ ಆಮೇಲೆ ಗೋಡೆಗುಂಟ ನೀರು ಸುರಿಯುತ್ತದೆ. ವೈರು ಪೂರ್ತಿ ಕಡಿದಿದ್ದರಂತೂ ಕೋಡ್ ನೇರವಾಗಿ ತೋರುತ್ತದೆ. ಇ1, ಎಫ್2 ಎಂಬಂಥ ಈ ಕೋಡುಗಳಿಗೆ ಒಂದೊಂದು ಕಂಪನಿಯಲ್ಲಿ ಒಂದೊಂದು ಅರ್ಥ. ನಿಮ್ಮ ಎಸಿಯ ಜೊತೆ ಬಂದ ಪುಸ್ತಕವನ್ನೇ ನಂಬಿ, ಪಕ್ಕದ ಮನೆಯವರ ಅನುಭವವನ್ನಲ್ಲ.

ಸೆನ್ಸರ್ ತಪ್ಪಲ್ಲದ ತಪ್ಪುಗಳು

ನಮ್ಮ ಕಡೆಯ ಹವೆಯೇ ಹಲವು ಸಲ ಸೆನ್ಸರಿನ ಮೇಲೆ ಅಪವಾದ ಹೊರಿಸುತ್ತದೆ. ಇದನ್ನು ತುಸು ವಿವರವಾಗಿ ಹೇಳಬೇಕು. ಏಕೆಂದರೆ ಎಸಿಯ ಪುಸ್ತಕ ಬರೆದವರು ಇಂಡಿಯ ಮೇ ತಿಂಗಳನ್ನು ಕಂಡವರಲ್ಲ.

ಬೇಸಿಗೆಯಲ್ಲಿ ‘ಪೈಪಿನಿಂದ ಒಂದು ಹನಿ ನೀರು ಬೀಳವಲ್ದು, ಎಸಿ ಕೆಟ್ಟಾದ’ ಎನ್ನುವವರು ಬಹಳ. ಲೆಕ್ಕ ನೋಡಿ: ಕೋಣೆ 40 ಡಿಗ್ರಿ, ಗಾಳಿಯ ತೇವಾಂಶ ಶೇ 15 ಇದ್ದಾಗ ಆ ಗಾಳಿಯಿಂದ ಇಬ್ಬನಿ ಇಳಿಯಲು ಕಾಯಿಲ್ ಸುಮಾರು 8 ಡಿಗ್ರಿಗಿಂತ ತಣ್ಣಗಿರಬೇಕು. ಶೇ 20 ಇದ್ದರೆ 13 ಡಿಗ್ರಿ ಸಾಕು. ಕಾದ ಕೋಣೆಯಲ್ಲಿ ಕಾಯಿಲ್ ಅಷ್ಟು ಕೆಳಗೆ ಇಳಿಯುವುದೇ ಕಷ್ಟ. ಗಾಳಿಯಲ್ಲೇ ನೀರಿಲ್ಲದಾಗ ಪೈಪಿನಲ್ಲಿ ಎಲ್ಲಿಂದ ಬರಬೇಕು? ಅದೇ ಎಸಿ ಆಗಸ್ಟಿನಲ್ಲಿ, 28 ಡಿಗ್ರಿ, ಶೇ 80 ತೇವ ಇರುವ ದಿನ ಬಕೆಟ್ ತುಂಬಿಸುತ್ತದೆ. ಆಗ ಇಬ್ಬನಿಗೆ 24 ಡಿಗ್ರಿಯೇ ಸಾಕು. ಇದೇ ಕಾರಣಕ್ಕೆ ರಿಮೋಟಿನಲ್ಲಿ ನೀರಹನಿಯ ಚಿತ್ರವಿರುವ ಡ್ರೈ ಮೋಡ್ ನಮ್ಮ ಬೇಸಿಗೆಗೆ ಉಪಯೋಗವಿಲ್ಲ. ಆ ಮೋಡಿನಲ್ಲಿ ಫ್ಯಾನ್ ನಿಧಾನವಾಗಿ, ಕಂಪ್ರೆಸರ್ ಬಿಟ್ಟು ಬಿಟ್ಟು ಓಡುತ್ತದೆ. ಕೈತಪ್ಪಿ ಒತ್ತಿದವರು ‘ತಂಪು ಕಮ್ಮಿ ಆಗ್ಯಾದ’ ಎಂದು ಮಿಸ್ತ್ರಿಯನ್ನು ಕರೆಸುತ್ತಾರೆ. ಎಸಿ ಇರುವ ಹಾಲಿನಲ್ಲೇ ನೀರಿನ ಕೂಲರ್ ಕೂಡ ಹಚ್ಚುವ ಮನೆಗಳೂ ಉಂಟು. ಕೂಲರ್ ಗಾಳಿಗೆ ನೀರು ಸೇರಿಸುತ್ತದೆ, ಅದನ್ನು ತೆಗೆಯಲು ಎಸಿ ಹೆಣಗುತ್ತದೆ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ.

ಇನ್ನು ದೂಳು. ಹಿಂಗಾರಿ ಜೋಳದ ರಾಶಿ ಮುಗಿಯುವುದಕ್ಕೂ ಬಿಸಿಲು ಏರುವುದಕ್ಕೂ ಸರಿಹೋಗುತ್ತದೆ. ಎರೆಮಣ್ಣಿನ ದೂಳು, ರಾಶಿಯ ಸುಂಕು ಎಲ್ಲ ಜಾಳಿಗೆಯಲ್ಲಿ ಕೂತಿರುತ್ತದೆ. ಗಾಳಿ ಒಳಗೆ ಬರದಿದ್ದರೆ ಕಾಯಿಲ್ ಅತಿಯಾಗಿ ತಣ್ಣಗಾಗಿ ಮಂಜುಗಟ್ಟುತ್ತದೆ, ಕಾಯಿಲ್ ಸೆನ್ಸರ್ ಸರಿಯಾಗಿಯೇ ಅದನ್ನು ವರದಿ ಮಾಡಿ ಕಂಪ್ರೆಸರ್ ನಿಲ್ಲಿಸುತ್ತದೆ. ಜಾಳಿಗೆ ತೊಳೆದರೆ ಮುಗಿಯುವ ಕೆಲಸ.

ಹೊರಗಿನ ಘಟಕವನ್ನು ಮಾಳಿಗೆಯ ಮೇಲೆ, ಪಡುವಣ ಬಿಸಿಲಿಗೆ, ಪ್ಯಾರಪೆಟ್ ಗೋಡೆಗೆ ಒತ್ತಿ ಇಟ್ಟಿದ್ದರೆ ಅದರ ಸುತ್ತಲಿನ ಗಾಳಿ ಊರಿನ ಉಷ್ಣಾಂಶಕ್ಕಿಂತ ಹಲವು ಡಿಗ್ರಿ ಹೆಚ್ಚು ಕಾದಿರುತ್ತದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ನಿಂತು ನಿಂತು ಓಡಿ, ಸಂಜೆ ತಾನೇ ಸರಿಹೋಗುವ ಎಸಿಗೆ ಸೆನ್ಸರ್ ಬದಲಾಯಿಸಬೇಡಿ, ನೆರಳು ಮಾಡಿ. ಕರೆಂಟ್ ಹೋಗಿ ಬಂದ ಮೇಲೆ ಸುಮಾರು ಮೂರು ನಿಮಿಷ ಕಂಪ್ರೆಸರ್ ಸುಮ್ಮನಿರುವುದು ಅದರ ರಕ್ಷಣೆಗಾಗಿ. ವೋಲ್ಟೇಜ್ ಇಳಿದಾಗ ಏಳದಿರುವುದೂ ಸೆನ್ಸರಿನ ತಪ್ಪಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಕೆಲವು ರಿಮೋಟುಗಳಲ್ಲೇ ಒಂದು ಉಷ್ಣಾಂಶ ಸೆನ್ಸರ್ ಇರುತ್ತದೆ. ‘ಐ ಫೀಲ್’, ‘ಫಾಲೋ ಮಿ’ ಎಂಬ ಗುಂಡಿ ಒತ್ತಿದರೆ ಎಸಿ ತನ್ನ ಸೆನ್ಸರ್ ಬಿಟ್ಟು ರಿಮೋಟಿನ ಮಾತು ಕೇಳುತ್ತದೆ. ಆ ರಿಮೋಟ್ ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲಿದ್ದರೆ ಎಸಿ ನಿಲ್ಲುವುದಿಲ್ಲ, ತಂಪುಗಾಳಿ ನೇರ ಬಡಿಯುವಲ್ಲಿದ್ದರೆ ಓಡುವುದಿಲ್ಲ. ಸ್ಕ್ರೂ ಬಿಚ್ಚುವ ಮೊದಲು ಆ ಗುಂಡಿ ಆರಿಸಿ, ಮೋಡನ್ನು ಕೂಲ್‌ಗೆ ತನ್ನಿ, 24ಕ್ಕೆ ಇಟ್ಟು ಅರ್ಧ ಗಂಟೆ ನೋಡಿ. ಅಂದಹಾಗೆ, ಸ್ಟಾರ್ ಗುರುತಿನ ಎಸಿಗಳು ಆನ್ ಆದಾಗ ತಾವಾಗಿ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮ 2020ರ ಜನವರಿ 1ರಿಂದ ಇದೆ. ‘ನಾನು 18 ಇಟ್ಟಿದ್ದೆ, ತಾನೇ 24ಕ್ಕೆ ಬಂತು’ ಎನ್ನುವುದು ದೋಷವಾಗಿರಲೇಬೇಕೆಂದಿಲ್ಲ.

ಐಸ್ ಗ್ಲಾಸಿನ ಪರೀಕ್ಷೆ

ವಾರಂಟಿ ಇದ್ದರೆ ಇಲ್ಲಿಗೇ ನಿಲ್ಲಿಸಿ, ಕಂಪನಿಗೆ ಫೋನ್ ಮಾಡಿ. ಮುಗಿದಿದ್ದರೆ ಒಂದು ಡಿಜಿಟಲ್ ಮಲ್ಟಿಮೀಟರ್ ತರಿಸಿಕೊಳ್ಳಿ. ಮೋಟಾರ್ ರಿವೈಂಡಿಂಗ್ ಅಂಗಡಿಯವರ ಹತ್ತಿರ, ಪಂಪ್‌ಸೆಟ್ ನೋಡುವ ಹುಡುಗರ ಹತ್ತಿರ ಹೇಗೂ ಇರುತ್ತದೆ.

ರಿಮೋಟಿನಿಂದ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ಕೆಲವು ಬೋರ್ಡುಗಳಲ್ಲಿ ಸೆನ್ಸರಿನ ತೆಳು ವೈರಿಗೂ ಮೇನ್ ಲೈನಿನ ಕರೆಂಟ್ ತಗುಲಿರುತ್ತದೆ. ಐದು ವೋಲ್ಟಿನದು ಎಂದು ನಂಬಿ ಚಾಲೂ ಇರುವಾಗ ಕೈ ಹಾಕಿದರೆ ಜೀವಕ್ಕೆ ಅಪಾಯ. ಹೊರಗಿನ ಘಟಕ ಮುಟ್ಟಬೇಡಿ ಎಂದದ್ದು ಇದಕ್ಕಿಂತ ಗಟ್ಟಿ ಕಾರಣಕ್ಕೆ: ಇನ್ವರ್ಟರ್ ಬೋರ್ಡಿನ ಕೆಪಾಸಿಟರುಗಳು ಕರೆಂಟ್ ತೆಗೆದ ಮೇಲೂ 300 ವೋಲ್ಟಿಗೆ ಮೀರಿದ ಶಕ್ತಿಯನ್ನು ಕೆಲಹೊತ್ತು ಹಿಡಿದಿಟ್ಟುಕೊಂಡಿರುತ್ತವೆ.

ಬೋರ್ಡಿನ ಪೆಟ್ಟಿಗೆಯಿಂದ ಸೆನ್ಸರಿನ ಕನೆಕ್ಟರನ್ನು ಬಿಡಿಸಿ. ವೈರು ಜಗ್ಗಬೇಡಿ, ಪ್ಲಾಸ್ಟಿಕ್ ತಲೆ ಹಿಡಿದು ಎಳೆಯಿರಿ. ಅದಕ್ಕೂ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಯಾವುದು ಎಲ್ಲಿತ್ತು ಎಂಬ ಗೊಂದಲ ಇರುವುದಿಲ್ಲ. ಕನೆಕ್ಟರಿನ ಪಿನ್ನುಗಳು ಹಸಿರಾಗಿದ್ದರೆ ಅಲ್ಲೇ ಅರ್ಧ ಉತ್ತರ ಸಿಕ್ಕಂತೆ. ಬೋರಿನ ಗಡಸು ನೀರು, ಸರ್ವಿಸ್ ಮಾಡುವಾಗ ಪಂಪಿನಿಂದ ಹೊಡೆದ ಸೋಪು ಅಲ್ಲಿಗೆ ಇಳಿದಿರುತ್ತದೆ. ಸಾವಿರ ಓಮ್‌ನಷ್ಟು ಕಿಲುಬು ಸೇರಿಕೊಂಡರೂ ಹತ್ತು ಕಿಲೋ ಓಮ್ ಸೆನ್ಸರ್ ಎರಡು ಡಿಗ್ರಿ ತಪ್ಪು ಹೇಳುತ್ತದೆ. ಇಲಿ ಕಚ್ಚಿದ ಗುರುತು, ಬೋರ್ಡಿನ ಮೇಲೆ ಸತ್ತ ಹಲ್ಲಿ, ಇರುವೆಗೂಡು ಎಲ್ಲವನ್ನೂ ಟಾರ್ಚ್ ಹಿಡಿದು ನೋಡಿ.

ಈಗ ಮೀಟರನ್ನು ಓಮ್ ಅಳೆಯುವ 20ಕೆ ಜಾಗಕ್ಕೆ ಇಟ್ಟು ಎರಡು ಕಡ್ಡಿಗಳನ್ನು ಕನೆಕ್ಟರಿನ ಎರಡು ಪಿನ್ನುಗಳಿಗೆ ತಾಗಿಸಿ. ಉಲ್ಟಾ ಸುಲ್ಟಾ ಆದರೂ ನಡೆಯುತ್ತದೆ. ನಮ್ಮ ಕಡೆ ಎಲ್ಲರೂ ಎಡವುವುದು ಇಲ್ಲಿಯೇ. ಸೆನ್ಸರಿನ ‘10ಕೆ’ ಎಂಬ ಹೆಸರು 25 ಡಿಗ್ರಿಯ ಲೆಕ್ಕದ್ದು. ಸಿಂದಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಮನೆಯೊಳಗೆ 25 ಡಿಗ್ರಿ ಎಲ್ಲಿಂದ ಬಂತು? 40 ಡಿಗ್ರಿಯಲ್ಲಿ ಅದೇ ಒಳ್ಳೆಯ 10ಕೆ ಸೆನ್ಸರ್ ಸುಮಾರು 5.3 ಕಿಲೋ ಓಮ್ ತೋರಿಸುತ್ತದೆ. ನೋಡಿದವರು ‘ಇದು 5ಕೆ ಸೆನ್ಸರ್’ ಎಂದುಕೊಳ್ಳುತ್ತಾರೆ, ಇಲ್ಲವೇ ‘10ಕೆ ಸೆನ್ಸರ್ ಅರ್ಧ ಸತ್ತಾದ’ ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಎರಡೂ ಸಿಗುವುದರಿಂದ ತಪ್ಪಿನ ಮೇಲೆ ತಪ್ಪು ಬೆಳೆಯುತ್ತದೆ. 10ಕೆ ಇರಬೇಕಾದಲ್ಲಿ 5ಕೆ ಹಾಕಿದರೆ ಕೋಣೆ 25ಕ್ಕೆ ಇಳಿದಾಗಲೂ ಬೋರ್ಡಿಗೆ 41 ಎಂದು ಕಾಣುತ್ತದೆ, ಎಸಿ ನಿಲ್ಲುವ ಮಾತೇ ಇಲ್ಲ. 5ಕೆ ಇರಬೇಕಾದಲ್ಲಿ 10ಕೆ ಹಾಕಿದರೆ ಕೋಣೆ 40 ಇದ್ದರೂ ಬೋರ್ಡಿಗೆ 23-24 ಎಂದು ಕಂಡು ಕಂಪ್ರೆಸರ್ ಏಳುವುದೇ ಇಲ್ಲ. ಹೊಸ ಸೆನ್ಸರ್ ಹಾಕಿದ ಮೇಲೂ ದೋಷ ಹಾಗೇ ಉಳಿದಾಗ ‘ಬೋರ್ಡೇ ಹೋಗ್ಯಾದ’ ಎಂಬ ತೀರ್ಪು ಬರುವುದು ಹೀಗೆ.

ಆದ್ದರಿಂದ ಕೋಣೆಯ ಹವೆಯಲ್ಲಿ ಅಳೆದದ್ದನ್ನು ನಂಬದೆ ಐಸಿನಲ್ಲಿ ಅಳೆಯಿರಿ. ಕರಗುತ್ತಿರುವ ಮಂಜಿನ ಉಷ್ಣಾಂಶ ಎಲ್ಲ ಊರಲ್ಲೂ ಸೊನ್ನೆ ಡಿಗ್ರಿಯೇ. ಸ್ಟೀಲ್ ಗ್ಲಾಸಿನಲ್ಲಿ ಐಸನ್ನು ಕುಟ್ಟಿ ತುಂಬಿ, ಅದು ಮುಳುಗುವಷ್ಟು ಮಾತ್ರ ಕುಡಿಯುವ ನೀರು ಹಾಕಿ ಕಲಕಿ. ಬರೀ ನೀರಲ್ಲಿ ನಾಲ್ಕು ತುಂಡು ತೇಲಿಸಿದರೆ ಸೊನ್ನೆ ಬರುವುದಿಲ್ಲ, ಉಪ್ಪು ಹಾಕಿದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಸೆನ್ಸರಿನ ತಲೆಯನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಇಲ್ಲದಂತೆ ಸುತ್ತಿ ಮುಳುಗಿಸಿ. ಕನೆಕ್ಟರ್ ಒದ್ದೆಯಾಗಬಾರದು. ನಾಲ್ಕೈದು ನಿಮಿಷದಲ್ಲಿ ಅಂಕಿ ಏರಿ ನಿಲ್ಲುತ್ತದೆ. ಅಂಕಿ ಮೀಟರಿನ ಮಿತಿ ದಾಟಿದರೆ ಗುಂಡಿಯನ್ನು 200ಕೆಗೆ ತಿರುಗಿಸಿ. 5ಕೆ ಆಗಿದ್ದರೆ ಸುಮಾರು 14ರಿಂದ 15 ಕಿಲೋ ಓಮ್, 10ಕೆ ಆಗಿದ್ದರೆ ಅದರ ತಳಿಗೆ ತಕ್ಕಂತೆ 27ರಿಂದ 34 ಕಿಲೋ ಓಮ್ ಬರಬೇಕು. ಕೆಲವು ಕಂಪನಿಗಳು 15ಕೆ, 20ಕೆ ಕೂಡ ಹಾಕುತ್ತವೆ. ಅವುಗಳಲ್ಲೂ ಸೊನ್ನೆ ಡಿಗ್ರಿಯ ಅಂಕಿ ಹೆಸರಿನ ಅಂಕಿಯ ಮೂರರಷ್ಟರ ಆಸುಪಾಸಿನಲ್ಲಿರುತ್ತದೆ.

ಕೊನೆಯ ಅಂಕಿಗಿಂತ ಅದು ಏರಿದ ರೀತಿ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಸೆನ್ಸರಿನ ಅಂಕಿ ಮೆಲ್ಲಗೆ, ಎಲ್ಲೂ ಹಾರದೆ ಏರುತ್ತದೆ. ಐಸಿನಿಂದ ತೆಗೆದು ಒರೆಸಿ ಅಂಗೈಯಲ್ಲಿ ಬಿಗಿಹಿಡಿದರೆ ಅಷ್ಟೇ ನಯವಾಗಿ ಇಳಿಯುತ್ತದೆ. ಅಂಕಿ ಜಿಗಿದರೆ, ವೈರನ್ನು ಬುಡದಲ್ಲಿ ಮಿಸುಕಾಡಿಸಿದಾಗ ಮಾಯವಾಗಿ ಮತ್ತೆ ಬಂದರೆ ಆ ಸೆನ್ಸರ್ ಕೆಟ್ಟಿದೆ. ಇಂಥದ್ದು ಎಸಿ ಅಲುಗಾಡುವಾಗ ಮಾತ್ರ ಕೈಕೊಡುವುದರಿಂದ ಮಿಸ್ತ್ರಿ ಬಂದ ಹೊತ್ತಿಗೆ ಎಲ್ಲ ಸರಿಯಿರುತ್ತದೆ. ಏನು ಮಾಡಿದರೂ ಅಂಕಿ ಅಲುಗದಿದ್ದರೂ, ಮೀಟರ್ ಖಾಲಿ ತೋರಿಸಿದರೂ ಅದೇ ತೀರ್ಮಾನ. ಎರಡೂ ಸೆನ್ಸರ್ ಐಸಿನಲ್ಲಿ ಸರಿಯಾಗಿ ನಡೆದವೆಂದರೆ, ಆಗ ಬೋರ್ಡಿನ ಮಾತು, ಗ್ಯಾಸಿನ ಮಾತು ಕೇಳಲು ಅರ್ಥವಿದೆ.

ಹೊಸದು ಹಾಕುವಾಗ

ತಾಲ್ಲೂಕು ಊರುಗಳಲ್ಲಿ ಬಿಡಿಭಾಗ ಸಿಗದೆ ವಿಜಯಪುರಕ್ಕೋ, ಇಂಡಿಯವರಾದರೆ ಸೋಲಾಪುರಕ್ಕೋ ಹೇಳಿ ತರಿಸುವುದು ರೂಢಿ. ಹೇಳಿ ಕಳಿಸುವಾಗ ಎಸಿಯ ಮಾಡೆಲ್ ಸಂಖ್ಯೆ, ಐಸಿನಲ್ಲಿ ಬಂದ ಅಂಕಿ, ವೈರಿನ ಉದ್ದ, ತಲೆ ಪ್ಲಾಸ್ಟಿಕ್ಕಿನದೋ ತಾಮ್ರದ್ದೋ, ಕನೆಕ್ಟರಿನ ಆಕಾರ ಇಷ್ಟನ್ನೂ ಹೇಳಿ. ಹಳೆಯದನ್ನೇ ಜೊತೆಗೆ ಕಳಿಸಿದರೆ ಇನ್ನೂ ಒಳ್ಳೆಯದು. ಪೂರ್ತಿ ಕಡಿದುಹೋದ ಸೆನ್ಸರಾದರೆ ಅಂಕಿ ಸಿಗುವುದಿಲ್ಲ, ಮಾಡೆಲ್ ಸಂಖ್ಯೆಯೇ ಗತಿ.

ಬಂದ ಹೊಸದನ್ನೂ ಹಾಕುವ ಮೊದಲು ಐಸಿನಲ್ಲಿ ಅದ್ದಿ ನೋಡಿ. ಕಾಯಿಲ್ ಸೆನ್ಸರನ್ನು ಅದೇ ಗೂಡಿಗೆ ತೂರಿಸಿ, ಬಿಗಿ ಹಿಡಿಯುವ ಸ್ಪ್ರಿಂಗ್ ಪಟ್ಟಿಯನ್ನು ಮರೆಯದೆ ಹಾಕಬೇಕು. ಸರ್ವಿಸ್ ಮಾಡಿ ಹೋದ ವಾರದಲ್ಲೇ ತಂಪು ಕೆಟ್ಟಿತೆಂದರೆ ಮೊದಲು ಈ ಪಟ್ಟಿ ಇದೆಯೋ ಇಲ್ಲವೋ ನೋಡಿ. ತೊಳೆಯುವಾಗ ಹೊರತೆಗೆದ ಸೆನ್ಸರನ್ನು ಅವಸರದಲ್ಲಿ ಹಾಗೇ ಜೋತುಬಿಟ್ಟು ಹೋಗಿರುತ್ತಾರೆ. ವೈರು ಬೋರ್ಡಿಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಳುಕು ಕೊಡಿ, ಕಾಯಿಲಿನ ನೀರು ವೈರಿನ ಗುಂಟ ಹರಿದು ಬೋರ್ಡಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.

ಸೆನ್ಸರ್ ಸಿಗದಾಗ ಅದರ ಜಾಗಕ್ಕೆ ಒಂದು ಸಾದಾ ರೆಸಿಸ್ಟರ್ ಬೆಸೆದು ‘ಈಗ ನೋಡ್ರಿ ಹ್ಯಾಂಗ್ ತಂಪ್ ಬರ್ತದ’ ಎನ್ನುವ ಜಾಣರಿದ್ದಾರೆ. ತಂಪು ಬರುತ್ತದೆ, ನಿಜ. ಬೋರ್ಡಿಗೆ ಉಷ್ಣಾಂಶ ಎಂದೂ ಬದಲಾಗದ್ದರಿಂದ ಎಸಿ ನಿಲ್ಲುವುದಿಲ್ಲ. ಕಾಯಿಲ್ ಸೆನ್ಸರಿನ ಜಾಗದಲ್ಲಿ ಹಾಗೆ ಮಾಡಿದರೆ ಮಂಜುಗಟ್ಟಿದಾಗ ತಡೆಯುವವರೇ ಇಲ್ಲದೆ ಆವಿಯಾಗದ ಗ್ಯಾಸ್ ದ್ರವವಾಗಿಯೇ ಹಿಂದಕ್ಕೆ ಹೋಗಿ ಕಂಪ್ರೆಸರನ್ನು ಹಾಳುಮಾಡಬಹುದು. ಎಸಿಯಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಅದೇ. ಒಂದು ದಿನದ ಮಟ್ಟಿಗೂ ಇದಕ್ಕೆ ಒಪ್ಪಬೇಡಿ.

ಡಿಹ್ಯುಮಿಡಿಫೈಯರ್ ಇದ್ದವರಿಗೆ

ಗಾಳಿಯ ತೇವ ಹೀರಲೆಂದೇ ಮಾಡಿದ ಈ ಯಂತ್ರವನ್ನು ನಮ್ಮ ನಾಲ್ಕು ಊರುಗಳಲ್ಲಿ ಮನೆಗಾಗಿ ಕೊಳ್ಳಿರೆಂದು ನಾನು ಹೇಳಲಾರೆ. ವಿಜಯಪುರ ಜಿಲ್ಲೆಯ ಗಾಳಿ ಎಂಥದೆಂದರೆ ನೆರಳಿನ ಬಲೆಯ ಮೇಲೆ ಹರವಿದ ದ್ರಾಕ್ಷಿ ಎರಡು ಮೂರು ವಾರದಲ್ಲಿ ಮನೂಕ ಆಗುತ್ತದೆ. ಅದೂ ಅಲ್ಲದೆ ಈ ಯಂತ್ರ ಕೋಣೆಯನ್ನು ಬಿಸಿ ಮಾಡುತ್ತದೆ. ತಂಪು ಕಾಯಿಲ್, ಬಿಸಿ ಕಾಯಿಲ್ ಎರಡೂ ಒಂದೇ ಡಬ್ಬಿಯಲ್ಲಿರುವುದರಿಂದ, ಹಿಡಿದ ಪ್ರತಿ ಲೀಟರ್ ನೀರಿಗೆ ಸುಮಾರು 0.7 ಯೂನಿಟ್‌ನಷ್ಟು ಶಾಖ, ಜೊತೆಗೆ ತಾನು ತಿಂದ ಕರೆಂಟಿನ ಶಾಖ ಎರಡೂ ಕೋಣೆಗೇ ಬರುತ್ತದೆ. ಆದರೆ ಇಲ್ಲಿಂದ ಗೋವಾ, ಮುಂಬೈ, ಮಂಗಳೂರಿಗೆ ದುಡಿಯಲು ಹೋದವರ ಮನೆಗಳಲ್ಲಿ, ಹೊರದೇಶದ ನೆಲಮಾಳಿಗೆಗಳಲ್ಲಿ ಇದು ಬೇಕಾಗುತ್ತದೆ. ಊರಿನ ಮಿಸ್ತ್ರಿಗೆ ವಿಡಿಯೊ ಕಾಲ್ ಮಾಡಿ ಕೇಳುವವರೂ ಅವರೇ.

ಅದರಲ್ಲೂ ಕಾಯಿಲಿಗೆ ಇದೇ ಥರ್ಮಿಸ್ಟರ್ ಇರುತ್ತದೆ, ಪರೀಕ್ಷೆಯೂ ಇದೇ ಐಸ್ ಗ್ಲಾಸಿನದು. ಸೆನ್ಸರ್ ಸದಾ ‘ತಂಪು’ ಎಂದರೆ ಯಂತ್ರ ಮಂಜು ಕರಗಿಸುವ ಸ್ಥಿತಿಯಲ್ಲೇ ಉಳಿದು, ಡಿಫ್ರಾಸ್ಟ್ ದೀಪ ಆರದೆ, ಫ್ಯಾನ್ ಮಾತ್ರ ತಿರುಗುತ್ತದೆ, ಬಕೆಟ್ ಖಾಲಿ. ಸದಾ ‘ಬಿಸಿ’ ಎಂದರೆ ಕಾಯಿಲ್ ಮಂಜಿನ ಗಡ್ಡೆ. ಕೋಣೆಯೇ 18 ಡಿಗ್ರಿಗಿಂತ ತಣ್ಣಗಿದ್ದಾಗ ಒಂದಿಷ್ಟು ಮಂಜುಗಟ್ಟುವುದು ಸಹಜ, ಅದು ತಾನಾಗಿ ಕರಗಬೇಕು.

ತೇವಾಂಶ ಅಳೆಯುವ ಸೆನ್ಸರ್ ಬೇರೆಯೇ ಇರುತ್ತದೆ. ಅದು ತೋರಿಸುವ ಅಂಕಿಯ ಮೇಲೆ ಸಂಶಯವಿದ್ದರೆ ಒಂದು ಅಗ್ಗದ ತೇವಾಂಶ ಮೀಟರ್ ತಂದು, ಮೊದಲು ಅದನ್ನೇ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಸೇರಿಸಿ, ಮೀಟರಿನೊಂದಿಗೆ ಬಿಗಿ ಡಬ್ಬಿಯಲ್ಲಿ ಮುಚ್ಚಿಡಿ. ಎಂಟು ಹತ್ತು ಗಂಟೆ ಕಳೆದ ಮೇಲೆ ಶೇ 75ರ ಹತ್ತಿರ ತೋರಿಸಬೇಕು. ಆಮೇಲೆ ಅದನ್ನು ಯಂತ್ರದ ಪಕ್ಕ ಇಟ್ಟು ಎರಡರ ಅಂಕಿ ಹೋಲಿಸಿ. ಗೋವಾದಿಂದ ಊರಿಗೆ ಮರಳುವಾಗ ಈ ಯಂತ್ರವನ್ನೂ ಹೊತ್ತು ತಂದವರು ಏಪ್ರಿಲ್‌ನಲ್ಲಿ ಅದು ಏಳಲಿಲ್ಲವೆಂದು ಬಿಚ್ಚಲು ಕೂರಬೇಡಿ. ಮನೆಬಳಕೆಯ ಅನೇಕ ಮಾದರಿಗಳನ್ನು 32ರಿಂದ 35 ಡಿಗ್ರಿಯವರೆಗಿನ ಕೋಣೆಗಾಗಿ ಮಾಡಿರುತ್ತಾರೆ. ಅದಕ್ಕಿಂತ ಕಾದ ಹಾಲಿನಲ್ಲಿ ಸೆನ್ಸರ್ ಸರಿಯಿರುವುದರಿಂದಲೇ ಅದು ನಿಂತಿರುತ್ತದೆ. ಮಳೆಗಾಲದಲ್ಲಿ, ಕೋಣೆ ತಣ್ಣಗಾದ ಮೇಲೆ ಹಚ್ಚಿ ನೋಡಿ.